ಪಾಪದ ಡಾಕ್ಟರು

ಹೆಣ ಕೊಯ್ದು ಕಲಿಯುವ ತರಗತಿಯ ಮೊದಲ ದಿನವೇ ಪಾಪಣ್ಣ ಮೇಜಿನ ಮೇಲಿದ್ದ ಮುದುಕರೊಬ್ಬರ ಹೆಣಕ್ಕೆ ಕೈಮುಗಿದು, ಹಿಂದೆ ಸರಿಯುವಾಗ ಮೇಷ್ಟ್ರ ಕಾಲು ತುಳಿದ. ಕ್ಷಮೆಯನ್ನು ಮಾತ್ರ ಹೆಣದ ಬಳಿಯೇ ಕೇಳಿದ. ಪಾಪಣ್ಣ ಎಂಬ ಈ ಹೆಸರಿಟ್ಟವರು ಅವನ ಜೊತೆಯ ವಿದ್ಯಾರ್ಥಿಗಳು. ಕಪ್ಪೆ ಕೊಯ್ಯಿ ಅಂದರೂ "ಪಾಪ", ಇಲಿಗೆ ಸೂಜಿ ಚುಚ್ಚು ಅಂದರೂ "ಪಾಪ". ಅದು ನರಕಕ್ಕೆ ಒಯ್ಯುವ ಪಾಪವೋ ಬರೀ ಅಯ್ಯೋ ಪಾಪವೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ದೇವರು ಕೊಟ್ಟ ದೇಹ ಕೊಯ್ದರೆ ಪಾಪ ಸುತ್ತಿಕೊಳ್ಳುತ್ತೆ ಎಂದ ಅಜ್ಜಿಗೂ, ಕೊಯ್ಯಲು ಕಲಿಯದೆ ಡಾಕ್ಟರಾದರೆ ರೋಗಿಗಳು ಪಾಪ ಎಂದ ಅಮ್ಮನಿಗೂ ಹೂಂ ಎಂದೇ ಬಂದಿದ್ದ. ಹೀಗಾಗಿ ಚಾಕು ಹಿಡಿಯುತ್ತಿದ್ದ, ಕೆಳಗಿಡುತ್ತಿದ್ದ, ಒರೆಸಿ ಮತ್ತೆ ಹಿಡಿಯುತ್ತಿದ್ದ. ಇಡೀ ಕಾಲೇಜಿನಲ್ಲಿ ಅವನದೇ ಅತಿ ಸ್ವಚ್ಛವಾದ ಚಾಕು. ಆದರೆ ತರಗತಿ ಮುಗಿದ ಮೇಲೆ ಮುದುಕರ ಪಾದಗಳು ಮುಚ್ಚುವಂತೆ ಬಟ್ಟೆ ಎಳೆದು, ಚಳಿಯಾದೀತೆಂಬಂತೆ ಅಂಚು ಸಿಕ್ಕಿಸಿ ಹೋಗುತ್ತಿದ್ದವನೂ ಅವನೊಬ್ಬನೇ. ಅದನ್ನು ಕಂಡಿದ್ದ ಮೇಷ್ಟ್ರು ಒಂದು ದಿನ ಪಕ್ಕಕ್ಕೆ ಕರೆದರು. "ಇವತ್ತೂ ಕೊಯ್ಯದಿದ್ರೆ ಪರೀಕ್ಷೆಗೆ ಕೂರಿಸಕ್ಕಾಗಲ್ಲ, ಡಾಕ್ಟರಾಗೋ ಆಸೆ ಬಿಡ್ಬೇಕಾಗುತ್ತೆ. ಒಂದು ಹೇಳಪ್ಪ, ನಿನ್ನ ಈ ಪಾಪ ಯಾರಿಗೆ? ಕೊಯ್ಯೋ ನಿನಗೋ, ಕೊಯ್ಸಿಕೊಳ್ಳೋ ಅವರಿಗೋ?" ಪಾಪಣ್ಣ ಚಾಕು ನೋಡಿದ, ಮುದುಕರನ್ನು ನೋಡಿದ. "ನಿಮಗೆ ಸಾರ್. ನನ್ನಂಥವನಿಗೆ ಕಲಿಸ್ಬೇಕಲ್ಲ."