ಘಾಟಿಲ್ಲದ ಮೆಣಸಿನಕಾಯಿ

ಆ ವರ್ಷ ನಮ್ಮ ಮನೆಯಲ್ಲಿ ಎಲ್ಲಕ್ಕೂ ಗೆರೆ ಎಳೆದವಳು ನಾನು. ಮರಾಠಿ ಊರಿನ ಕೊಂಢವಾ ಬಡಾವಣೆಯಲ್ಲಿ ಮನೆ, ದೊಡ್ಡದೇನಲ್ಲ. ಒಂದು ಬೆಡ್‌ರೂಮು, ಹೊರಗಿನ ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಬಟ್ಟೆ ಒಣಹಾಕುವಷ್ಟು ಬಾಲ್ಕನಿ. ನನ್ನ ಗಂಡ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತರು. ಜ್ವರ ಬಂದು, ಕೊರೋನಾ ಎಂದು ಗೊತ್ತಾದ ಕೂಡಲೇ ಅವರನ್ನು ಬೆಡ್‌ರೂಮಿಗೆ ದಬ್ಬಿ ಬಾಗಿಲು ಹಾಕಿದೆ. ತಟ್ಟೆ ಬೇರೆ, ಲೋಟ ಬೇರೆ, ಊಟ ಬಾಗಿಲ ಹೊರಗಿನ ಸ್ಟೂಲಿನ ಮೇಲೆ. ಒಳಗೇ ಬಚ್ಚಲಿತ್ತು, ಅದೊಂದು ಪುಣ್ಯ. ನಾನು, ಮಗಳು, ಅತ್ತೆ ಹೊರಗಿನ ಕೋಣೆಯಲ್ಲಿ.

ಇಷ್ಟೆಲ್ಲ ಮಾಡಿದ್ದು ಅತ್ತೆಗಾಗಿ. ಅವರಿಗೆ ಸಕ್ಕರೆ ಕಾಯಿಲೆ, ಮೇಲೆ ದಮ್ಮು. ನಮಗೆ ಬಂದರೆ ಹೋಗುತ್ತದೆ, ಅವರಿಗೆ ಬಂದರೆ ಅವರನ್ನೇ ಕರೆದುಕೊಂಡು ಹೋಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಸುತ್ತು ಬಳಸಿ ಹೇಳಿದ್ದರು. ನಮ್ಮಿಬ್ಬರದು ತಾಯಿ-ಮಗಳ ಪ್ರೀತಿ ಎಂದೇನೂ ತಿಳಿಯಬೇಡಿ. ನಾನು ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದ ಮೊದಲ ದಿನದಿಂದ ನನ್ನ ಚಪಾತಿಯಲ್ಲಿ ಅವರು ಕೊಂಕು ತೆಗೆಯುತ್ತಲೇ ಬಂದವರು. ಆದರೂ ಅವರಿಲ್ಲದ ಮನೆ ನನ್ನ ಕಲ್ಪನೆಗೆ ಬರುತ್ತಿರಲಿಲ್ಲ.

ಒಂದು ಸಂಜೆ ಬಟ್ಟೆ ತರಲು ಬಾಲ್ಕನಿಗೆ ಹೋಗಿ ಒಳಗೆ ಬಂದೆ. ಕಾಲಿಗೆ ಉಪ್ಪಿನ ಹರಳು ಚುಚ್ಚಿತು. ಬೆಡ್‌ರೂಮಿನ ಬಾಗಿಲು ತೆರೆದಿತ್ತು. ಅತ್ತೆ ಮುಚ್ಚಿದ ಮುಷ್ಟಿಯನ್ನು ಮಗನ ಮುಖದ ಸುತ್ತ ಇಳಿತೆಗೆಯುತ್ತಿದ್ದರು. ಹೋದವರ ದೃಷ್ಟಿ, ಬಂದವರ ದೃಷ್ಟಿ, ಯಾರ್ಡಿನ ಮಂದಿ ದೃಷ್ಟಿ ಎಂದು ಪಿಸುಗುಟ್ಟಿ, ಕೊನೆಗೆ ಮುಷ್ಟಿ ಬಿಚ್ಚಿ ಮಗನ ಬಾಯಿಯ ಹತ್ತಿರ ಹಿಡಿದರು. ಮಾಸ್ಕು ಕೆಳಗಿಳಿಸಿ ನನ್ನ ಗಂಡ ಥೂ, ಥೂ, ಥೂ ಎಂದು ಉಪ್ಪು ಮೆಣಸಿನಕಾಯಿಯ ಮೇಲೆ, ಅಂದರೆ ಅವ್ವನ ಅಂಗೈಯ ಮೇಲೆ, ಉಗುಳಿದರು. ಚಿಕ್ಕಂದಿನಿಂದ ಉಗುಳಿದ ಅಭ್ಯಾಸ, ಬಾಯಿ ತಾನಾಗಿಯೇ ಉಗುಳಿತು.

"ಅತ್ತೀ, ಏನ್ ಮಾಡ್ಲಿಕ್ಕತ್ತೀರಿ?" ಎಂದು ಕಿರುಚಿದೆ.

"ಎಲ್ಲಾರ ಮನ್ಯಾಗೂ ಗಂಡಸರು ಕುಂತಾರ. ನನ್ನ ಮಗ ಒಬ್ನ ದಿನಾ ದುಡೀಲಿಕ್ಕೆ ಹೋಗ್ತಿದ್ದ. ಮಂದಿ ಕಣ್ಣು ಸುಮ್ನಿರ್ತದೇನ?"

"ಇದು ದೃಷ್ಟಿ ಅಲ್ರೀ, ರೋಗ. ಅಂಟ್ತದ."

"ಹಡದಾಕಿಗಿ ಎಂಥಾ ಅಂಟವಾ? ನೀ ಸುಮ್ನಿರು."

ಗ್ಯಾಸಿನ ಮೇಲೆ ತವೆಯಿಟ್ಟು ಅದರಲ್ಲಿ ಸುರಿದರು. ದೃಷ್ಟಿಗೆ ಬ್ಯಾಡಗಿ ನಡೆಯುವುದಿಲ್ಲ, ಅದು ಬಣ್ಣಕ್ಕೆ ಮಾತ್ರ ಎಂದು ಅವರು ಬೇರೆ ಡಬ್ಬಿಯಲ್ಲಿ ಲವಂಗಿ ಮೆಣಸಿನಕಾಯಿ ಇಟ್ಟಿರುತ್ತಿದ್ದರು, ಸಣ್ಣದು, ಸುಡುಖಾರ. ಘಾಟು ಮನೆಯೆಲ್ಲ ತುಂಬಿ ನಾವು ಮೂವರೂ ಕೆಮ್ಮಿದೆವು. ಅತ್ತೆಯ ಮುಖ ಬಾಡಿತು. ಘಾಟು ಬಂದರೆ ದೃಷ್ಟಿಯಾಗಿಲ್ಲ ಎಂದರ್ಥ. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟು ಕರಕಲಾದರೂ ಘಾಟು ಬರುವುದಿಲ್ಲ. ಅವರ ಲೆಕ್ಕ ಅದು.

ನಾನು ಅವರ ಕೈಯನ್ನು ಸಾಬೂನಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಮಗುವಿನ ಕೈಯ ಹಾಗೆ ಸುಮ್ಮನೆ ಕೊಟ್ಟು ನಿಂತಿದ್ದರು. ಆಮೇಲೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕತೊಡಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಅಂಥ ಜಾಣತನ.

ನಾಲ್ಕಾರು ದಿನ ಕಳೆಯಿತು. ಗಂಡನ ಜ್ವರ ಇಳಿಯಿತು. ಒಂದು ಸಂಜೆ ನಾನು ಮಗಳ ಶಾಲೆಯ ಪಾಠಕ್ಕೆ ಫೋನು ಹಚ್ಚಿಕೊಡುತ್ತಿದ್ದಾಗ ಇದ್ದಕ್ಕಿದ್ದಂತೆ ಘಾಟು ಎದ್ದಿತು. ನಾನೂ ಮಗಳೂ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದೆವು. ಅಡುಗೆಮನೆಯಲ್ಲಿ ಅತ್ತೆ ಉರಿಯುವ ತವೆಯ ಮೇಲೆ ಬಗ್ಗಿ ನಿಂತಿದ್ದರು. ಚಿಲಕ ಹಾಕಿದ ಬಾಗಿಲ ಮುಂದೆಯೇ ನಿಂತು ಇಳಿತೆಗೆದು ತಂದಿದ್ದರಂತೆ. ಮೂಗು ತವೆಗೆ ತಾಗುವಷ್ಟು ಹತ್ತಿರ. ಒಂದು ಸಣ್ಣ ಕೆಮ್ಮೂ ಇಲ್ಲ. ಅವರು ನಗುತ್ತಿದ್ದರು.

"ನೋಡು, ಒಂಚೂರೂ ಘಾಟಿಲ್ಲ! ನಾ ಹೇಳಿದ್ದೆ ಇಲ್ಲೋ? ಭಾಳ ದೃಷ್ಟಿ ಆಗಿತ್ತು. ಇವತ್ತ ಹೋತು."

ಮೂಗು ಸತ್ತುಹೋಗುವುದು ಈ ರೋಗದ ಗುರುತು ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಏನೂ ಅನಿಸಲಿಲ್ಲ. ಗ್ಯಾಸು ಆರಿಸಬೇಕು ಎಂದಷ್ಟೇ ಅನಿಸಿತು.

ನಮ್ಮ ಕೆಮ್ಮು ಕೇಳಿ ಅತ್ತೆ ತಿರುಗಿದರು. ಘಾಟೇ ಇಲ್ಲದ ಮನೆಯಲ್ಲಿ ನಾವೇಕೆ ಕೆಮ್ಮುತ್ತೇವೆ? ಅವರ ನಗು ಹೋಯಿತು. "ಅಯ್ಯ, ನಿಮಗೂ ಜಡ್ಡು ಬಂತಲ್ಲವಾ!" ಎಂದವರೇ ಡಬ್ಬಿಯಿಂದ ಮತ್ತೆ ಉಪ್ಪು ಮೆಣಸಿನಕಾಯಿ ತೆಗೆದು ಮೊಮ್ಮಗಳ ಸುತ್ತ ಇಳಿತೆಗೆದು, ಅಂಗೈ ಚಾಚಿದರು. "ಉಗುಳು ಪುಟ್ಟಿ, ಉಗುಳು."

ಅವಳು ತುಟಿ ಮುಂದೆ ಮಾಡಿದ್ದಳು. ನಾನು ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ.

"ಅಕಿನ್ನ ಮುಟ್ಟಬ್ಯಾಡ್ರೀ. ನಿಮಗ ಬಂದದ."

ಅವರ ಅಂಗೈ ಹಾಗೇ ಚಾಚಿಕೊಂಡಿತ್ತು. ಉಪ್ಪು ಬೆರಳ ಸಂದಿಯಿಂದ ಉದುರುತ್ತಿತ್ತು. ಆಮೇಲೆ ಅವರು ತಮ್ಮ ಚಾಪೆ ಸುತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ, ಒದ್ದೆ ಬಟ್ಟೆಗಳ ಕೆಳಗೆ, ಗೋಡೆಗೆ ಮುಖ ಮಾಡಿ ಕುಳಿತರು. ಮಗಳನ್ನು ಎಳೆದುಕೊಂಡಿದ್ದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ನಾಳೆ ಹಾಗೇ ಆದರೂ ಎಳೆದುಕೊಳ್ಳುತ್ತೇನೆ.

ಉಸಿರು ಸಾಲದೆ ಹೋದಾಗ ಆಂಬ್ಯುಲೆನ್ಸು ಬಂತು. ಆಸ್ಪತ್ರೆಯೊಳಗೆ ಹೋಗಲು ನಮ್ಮನ್ನು ಬಿಡಲಿಲ್ಲ. ಕೆಲವು ದಿನಗಳ ಮೇಲೆ ಆಸ್ಪತ್ರೆಯಿಂದ ಹೆಣ್ಣು ದನಿಯೊಂದು ಮರಾಠಿಯಲ್ಲಿ, ನಿಮ್ಮ ಸಾಸೂಬಾಯಿ, ಅಂದರೆ ಅತ್ತೆ, ಹೋದರು ಎಂದಿತು. "ಬರಂ" ಎಂದೆ. ತರಕಾರಿಯವನು ಇವತ್ತು ಮೆಂತ್ಯ ಇಲ್ಲ ಎಂದಾಗ ಸರಿ ಎನ್ನುವ ಹಾಗೆ, ಬರಂ. ಫೋನಿಟ್ಟು ಪಾತ್ರೆ ತೊಳೆದೆ. ಅಷ್ಟರಲ್ಲಿ ನನಗೂ ಬಂದು, ಮೂಗು ನಾಲಿಗೆ ಎರಡೂ ಹೋಗಿದ್ದವು. ಗಂಡ ಗೋಡೆಗೆ ಹಣೆಯಿಟ್ಟು ಅತ್ತರು, ಮಗಳು ಅತ್ತಳು. ನಾನು ಅವರಿಗೆ ಗಂಜಿ ಮಾಡಿಕೊಟ್ಟೆ. ಅದಕ್ಕೆ ಉಪ್ಪು ಹಾಕಿದ್ದೆನೋ ಇಲ್ಲವೋ, ನನಗೆ ತಿಳಿಯಲಿಲ್ಲ, ಅವರೂ ಹೇಳಲಿಲ್ಲ.

ರುಚಿ ಮೆಲ್ಲಗೆ ಬಂತು. ವಾಸನೆ ಬರಲಿಲ್ಲ. ಊದಿನಕಡ್ಡಿ, ಫಿನಾಯಿಲು, ಉಕ್ಕಿ ಸೀದ ಹಾಲು, ಎಲ್ಲವೂ ಒಂದೇ. ನಿಜ ಹೇಳಬೇಕೆಂದರೆ ಅದರಿಂದ ನನಗೇನೂ ದುಃಖವಿರಲಿಲ್ಲ. ಯಾವುದರಿಂದಲೂ ಇರಲಿಲ್ಲ.

ಶಾಲೆ ಮತ್ತೆ ತೆರೆದ ಮೇಲೆ ಮಗಳು ಸಮಾರಂಭದಲ್ಲಿ ಕುಣಿದಳು. ಎಲ್ಲರೂ ಹೊಗಳಿದರು. ಸಂಜೆಗೆ ತಲೆನೋವೆಂದು ಮಲಗಿದಳು.

"ಅಜ್ಜಿ ಇದ್ದಿದ್ರ ದೃಷ್ಟಿ ತಗೀತಿದ್ಲು," ಎಂದಳು.

ಅತ್ತೆಯ ಡಬ್ಬಿ ತೆರೆದೆ. ಮೆಣಸಿನಕಾಯಿ ಹಾಗೇ ಇದ್ದವು. ಮಂತ್ರ ಪೂರ್ತಿ ಬಾರದು, ಬಂದಷ್ಟು ಹೇಳಿ ಅಂಗೈ ಚಾಚಿದೆ. ಅವಳು ಉಗುಳಿದಳು. ಬೆಚ್ಚಗಿತ್ತು. ಮುಷ್ಟಿ ಮುಚ್ಚಿಕೊಂಡು ಹೋಗಿ ತವೆಗೆ ಹಾಕಿದೆ.

ಘಾಟು ಬಂತು. ಮೂಗಿನಿಂದ ನೆತ್ತಿಗೆ ಹತ್ತಿತು. ಗೋಡೆ ಹಿಡಿದು ಕೆಮ್ಮಿದೆ.

"ಘಾಟ ಬಂತು ಮಮ್ಮಿ," ಮಗಳು ಕೆಮ್ಮುತ್ತ ಬಾಗಿಲಲ್ಲಿ ನಿಂತಳು. "ಅಂದ್ರ ದೃಷ್ಟಿ ಆಗಿಲ್ಲ."

"ಹೌದು, ಆಗಿಲ್ಲ," ಎಂದೆ. ಅಂದು ಅತ್ತೆಗೆ ಬಾರದಿದ್ದ ಘಾಟು ಇದೇ. ಆಗ ನನಗೆ ಅಳು ಬಂತು. ಅವರು ಸತ್ತಿದ್ದಾರೆ ಎಂಬುದು ಅಲ್ಲಿ, ಆ ತವೆಯ ಮುಂದೆ, ನನಗೆ ತಿಳಿಯಿತು.

ಗಂಡ ಒಳಗಿನಿಂದ ಕಿಟಕಿ ತೆಗೆ ಎಂದು ಕೂಗುತ್ತಿದ್ದರು. ಸಾಕು ಮಮ್ಮಿ, ಗ್ಯಾಸ್ ಬಂದ್ ಮಾಡು ಎಂದಳು ಮಗಳು. ನಾನು ಡಬ್ಬಿಯಿಂದ ಇನ್ನೊಂದು ಮೆಣಸಿನಕಾಯಿ ತೆಗೆದು ತವೆಗೆ ಹಾಕಿದೆ.