ಹೆಪ್ಪು ಕೇಳಿ ಬಂದವಳು

ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡವರು ನೆರೆಮನೆಗೆ ಹೆಪ್ಪು ಕೇಳಲು ಬರುವುದಿಲ್ಲ. ಬಂದರೂ ಮಧ್ಯಾಹ್ನ ಮೂರು ಗಂಟೆಗಂತೂ ಬರುವುದಿಲ್ಲ. ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕುವ ಹೊತ್ತು ಅದಲ್ಲವೆಂಬುದು ಅಡುಗೆಮನೆಯ ಹೊಸ್ತಿಲು ದಾಟಿದವರಿಗೆಲ್ಲ ಗೊತ್ತು. ಆದರೂ ಸುಜಾತಾ ಅದೇ ಹೊತ್ತಿಗೆ, ಸೆರಗಿನ ಮರೆಯಲ್ಲಿ ಸಣ್ಣದೊಂದು ಸ್ಟೀಲಿನ ಬಟ್ಟಲು ಹಿಡಿದು, ಕಾಗವಾಡದ ನಮ್ಮಣ್ಣನ ಮನೆಗೆ ಬರುತ್ತಿದ್ದಳು. "ಬಾಯಾರ, ಹೆಪ್ಪ ಐತೇನ್ರಿ?" ಎಂದು ಓಣಿಗೆಲ್ಲ ಕೇಳುವಂತೆ ಬಾಗಿಲಲ್ಲಿ ಕೂಗಿ, ಒಳಗೆ ಬಂದು ಬಟ್ಟಲನ್ನು ಕಿಟಕಿಯಲ್ಲಿಟ್ಟು ಚಾಪೆಯ ಮೇಲೆ ಕೂರುವಳು. ಬಟ್ಟಲಿನೊಳಗೆ ಒಂದು ಪೆನ್ಸಿಲ್ಲಿರುತ್ತಿತ್ತು.

ಬಾಯಾರು ಎಂದರೆ ನನ್ನ ವೈನಿ, ಅಣ್ಣನ ಹೆಂಡತಿ. ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಲೇ ಕೂದಲು ಬೆಳ್ಳಗಾಗಿ ನಿವೃತ್ತರಾದವರು. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಆ ಮಳೆಗಾಲದ ರಜೆಗಳಲ್ಲೆಲ್ಲ ಕಾಗವಾಡಕ್ಕೆ ಹೋಗಿ ಬರುತ್ತಿದ್ದುದರಿಂದ ಈ ಹೆಪ್ಪಿನ ಪಾಠವನ್ನು ಒಂದಿಷ್ಟು ಕಣ್ಣಾರೆ ಕಂಡೆ, ಉಳಿದದ್ದನ್ನು ವೈನಿಯ ಬಾಯಿಂದ ಕೇಳಿದೆ. ಈಗ ಬರೆಯಲು ಕುಳಿತರೆ ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವಿನ ಗೆರೆ ಅಳಿಸಿಹೋಗಿದೆ. ಬರಿದೇ ಕೇಳಿದ ದೃಶ್ಯದೊಳಗೂ ನೆನಪು ನನಗೊಂದು ಮಣೆ ಹಾಕಿ ಕೂರಿಸಿಬಿಟ್ಟಿದೆ. ಆದ್ದರಿಂದ, ಓದುವ ಗೆಳೆಯರೇ, ನನ್ನನ್ನು ಪೂರ್ತಿ ನಂಬಬೇಡಿ, ವೈನಿಯನ್ನು ನಂಬಿ.

ಸುಜಾತಾಳ ತವರು ಗಡಿಯಾಚೆ, ಮಿರಜದ ಹತ್ತಿರದ ಹಳ್ಳಿ. ಮನೆಮಾತು ಕನ್ನಡ, ಶಾಲೆ ಮರಾಠಿ. ನಮ್ಮ ಕಡೆ ಇದು ಹೊಸದಲ್ಲ. ಒಂದು ಭಾಷೆಯಲ್ಲಿ ಜಗಳವಾಡಿ ಇನ್ನೊಂದರಲ್ಲಿ ಪತ್ರ ಬರೆಯುವವರು ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಹನ್ನೆರಡನೆಯ ತರಗತಿ ಮುಗಿಸಿ ಸೊಸೆಯಾಗಿ ಬಂದವಳನ್ನು ಅತ್ತೆ "ಕಲತಾಕಿ" ಎಂದು ಊರಿಗೆಲ್ಲ ಹೇಳಿಕೊಂಡರು. ಕನ್ನಡ ಓದಲು ಬರುವುದಿಲ್ಲವೆಂದು ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮಕ್ಕಳು ಎತ್ತರಕ್ಕೆ ಬೆಳೆದರು, ಹೇಳದೆ ಉಳಿದ ಆ ಮಾತೂ ಅವರೊಂದಿಗೇ ಬೆಳೆಯಿತು.

ಚಾತುರ್ಮಾಸ ಬಂದರೆ ನಮ್ಮ ಬಸದಿಯಲ್ಲಿ ಸಂಜೆಗೆ ಮುಂಚೆ ಹೆಂಗಸರ ಸ್ವಾಧ್ಯಾಯ. ಮನೆಗೊಬ್ಬರಂತೆ ಪಾಳಿಯ ಪ್ರಕಾರ ಗ್ರಂಥದ ಒಂದು ಭಾಗ ಓದಬೇಕು, ಉಳಿದವರು ಕೂತು ಕೇಳಬೇಕು. ಅತ್ತೆಯ ಕಣ್ಣಿಗೆ ಪೊರೆ ಬಂತು; ಅವರು "ಇನ್ನ ಮುಂದ ನಮ್ಮನಿ ಪಾಳಿ ಸೊಸೀದ" ಎಂದು ಎಲ್ಲರೆದುರು ಸಾರಿಬಿಟ್ಟರು. ಸುಜಾತಾ ಒಮ್ಮೆ ತಲೆಶೂಲೆ ಎಂದಳು. ಇನ್ನೊಮ್ಮೆ, ಹೊರಗಿದ್ದೇನೆ, ಬಸದಿಗೆ ಬರುವಂತಿಲ್ಲ ಎಂದಳು. "ಆ ಕಾರಣಾ ತಿಂಗಳಕ್ಕ ಎರಡ ಸರ್ತಿ ಹೇಳಾಕ ಬರಂಗಿಲ್ರಿ, ನಮ್ಮತ್ತಿ ಪಂಚಾಂಗಕ್ಕಿಂತ ಚಲೋ ಲೆಕ್ಕಾ ಇಡ್ತಾರ" ಎಂದು ವೈನಿಯೆದುರು ನಗುತ್ತ ಹೇಳಿದವಳು ನಗು ಮುಗಿಯುವ ಮೊದಲೇ ಅತ್ತಳಂತೆ. ಮುಂದಿನ ಪಾಳಿ ಬರುವುದರೊಳಗೆ ಓದಲು ಕಲಿಯಬೇಕು. ಕಲಿಯುತ್ತಿರುವುದು ಯಾರಿಗೂ ತಿಳಿಯಬಾರದು.

ಮಗುವಿಗೆ ಓದಲು ಬಾರದಿದ್ದರೆ ಅದು ಬರೀ ವಯಸ್ಸು; ದೊಡ್ಡವರಿಗೆ ಬಾರದಿದ್ದರೆ ಅದೊಂದು ಗುಟ್ಟು. ಮಗು ತನ್ನ ಅರಿಯದತನವನ್ನು ಅಂಗಿಯಂತೆ ಅಂಗಳದಲ್ಲೇ ಕಳಚಿ ಎಸೆಯಬಲ್ಲದು. ದೊಡ್ಡವರಿಗೆ ಬಾಗಿಲು ಬೇಕು, ಚಿಲಕ ಬೇಕು, ಒಳಗೆ ಬರಲೊಂದು ನೆಪ ಬೇಕು. ಹೆಪ್ಪಿನ ಉಪಾಯ ವೈನಿಯದೇ. ತಮ್ಮ ಮನೆಯ ಮೊಸರಿನ ಬಗ್ಗೆ ಬೀದಿಯಲ್ಲಿ ಬಡಾಯಿ ಕೊಚ್ಚಿಕೊಂಡು, ಆ ನೆಪವನ್ನು ಸುಜಾತಾಳಿಗೆ ಕೊಟ್ಟವರು ಅವರು. ಹೆಪ್ಪು ಹಾಕಿ ಅಲುಗಾಡಿಸದೆ ಬಿಡುವುದೇ ಕಲಿಸುವುದು ಎಂಬ ಹೋಲಿಕೆ ಇಲ್ಲಿ ತಾನಾಗಿ ಬಂದು ಕೈಮೇಲೆ ಕೂರುತ್ತದೆ. ಅಷ್ಟು ಸುಲಭವಾಗಿ ಬಂದದ್ದರ ಮೇಲೆ ನನಗೆ ಅನುಮಾನ, ಅದನ್ನು ಹಾರಲು ಬಿಡುತ್ತೇನೆ. ಏಕೆಂದರೆ ಅಲುಗಾಡಿಸದೆ ಬಿಡುವುದರಲ್ಲೇ ವೈನಿ ಮೊದಲು ಎಡವಿದರು.

ಸುಜಾತಾ ಮೊದಲ ಸಲ ಇಡೀ ಒಂದು ಸಾಲನ್ನು ತಡವರಿಸದೆ ಓದಿದ ದಿನ ನಾನು ಅಲ್ಲೇ ಇದ್ದೆ. ವೈನಿಯ ಕೈಗಳು, ವರ್ಷಗಟ್ಟಲೆಯ ರೂಢಿಯಿಂದ, ತಾವಾಗಿಯೇ ಚಪ್ಪಾಳೆ ತಟ್ಟಿದವು. "ಶಾಣ್ಯಾಕಿ! ನಮ್ಮ ಸುಜಾತಾ ಭಾಳ ಶಾಣ್ಯಾಕಿ!" ಎಂದು ಬಾಯಿ ರಾಗ ತೆಗೆಯಿತು. ಸುಜಾತಾ ನಕ್ಕಳು, ಪುಸ್ತಕ ಮುಚ್ಚಿದಳು, ಬಟ್ಟಲು ತೆಗೆದುಕೊಂಡು ಹೋದಳು. ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ.

"ಹೊಗಳಿದ್ರ ಯಾರರೆ ಸಿಟ್ಟಾಗ್ತಾರೇನ ವೈನಿ?" ಎಂದೆ.

"ನಾ ಹೊಗಳಿದ್ದ ಆಕೀನ ಅಲ್ಲ ತಂಗಿ, ಒಂದನೇತ್ತಾ ಹುಡುಗೀನ" ಎಂದರು ವೈನಿ. "ಮಗಳನ್ನ ಕಾಲೇಜಿಗಿ ಕಳಸೂ ಹೆಣ್ಮಗಳು ಆಕಿ. ಆಕೀ ಮುಂದ ಚಪ್ಪಾಳಿ ಬಡದೆ."

ಆ ಮಾತನ್ನು ನಾನು ಇನ್ನೂ ಜಗಿಯುತ್ತಿದ್ದೇನೆ. ಮೆಚ್ಚುಗೆಗೂ ಒಂದು ಎತ್ತರವಿರುತ್ತದೆ. ಮೇಲಿನಿಂದ ಸುರಿದರೆ ಕೆಳಗಿರುವವರು ಒದ್ದೆಯಾಗುತ್ತಾರೆಯೇ ಹೊರತು ತಣಿಯುವುದಿಲ್ಲ. ನನ್ನ ತರಗತಿಯಲ್ಲಿ ನಾನು ಎಷ್ಟು ಎತ್ತರದಲ್ಲಿ ನಿಂತು ಸುರಿಯುತ್ತೇನೆಂದು ಅಳೆದು ನೋಡಿಲ್ಲ.

ಈ ಮಾತಾದ ಮರುದಿನ ಬೆಳಿಗ್ಗೆ ವೈನಿ ತಾವೇ ಆಕೆಯ ಮನೆಗೆ ಹೋದರು, ಪುಸ್ತಕದ ಮಾತೆತ್ತಲಿಲ್ಲ. "ಸುಜಾತಾ, ನಿಮ್ಮ ಕಾಕಾರು ತಂದಿಟ್ಟ ಸ್ಕೂಟಿ ಧೂಳ ತಿನ್ನಾಕತ್ತೇತಿ. ನಿನಗ ಗಾಡಿ ಬರ್ತೈತಲ್ಲ, ನನಗೂ ಕಲಸ್ತೀ?" ಎಂದರು; ಕಾಕಾರು ಎಂದರೆ ನಮ್ಮಣ್ಣ. ಹೀಗೆ ಬೆಳಗಿನ ಹೊತ್ತು, ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಒಣದ್ರಾಕ್ಷಿ ಶೆಡ್ಡಿನ ಮುಂದಿನ ಬಯಲಿನಲ್ಲಿ, ಎರಡನೆಯ ಶಾಲೆ ಶುರುವಾಯಿತು. ನಾನು ಶೆಡ್ಡಿನ ಕಂಬಕ್ಕೊರಗಿ ನೋಡಿದೆ. ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದ ವೈನಿ ಹ್ಯಾಂಡಲ್ ಹಿಡಿದು ನಡುಗುತ್ತಿದ್ದರು.

"ಬಾಯಾರ, ಗಾಲಿ ನೋಡಬ್ಯಾಡ್ರಿ, ದಾರಿ ನೋಡ್ರಿ! ಅಯ್ಯ, ಬ್ರೇಕ್! ಬ್ರೇಕ್ ಹಿಡೀರಿ!"

ವೈನಿ ಎಲ್ಲವನ್ನೂ ಹಿಡಿದರು, ಬ್ರೇಕನ್ನೊಂದು ಬಿಟ್ಟು. ಗಾಡಿ ಬಹಳ ಸಾವಕಾಶವಾಗಿ, ಗೌರವದಿಂದಲೇ ಎನ್ನುವಂತೆ, ಅವರನ್ನು ಹುಲ್ಲಿನ ಬಣವೆಗೆ ಒರಗಿಸಿತು. ಸುಜಾತಾ ಓಡಿಬಂದು, ಏಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು: "ಶಾಣ್ಯಾಕಿ! ನಮ್ಮ ಬಾಯಾರು ಭಾಳ ಶಾಣ್ಯಾಕಿ!"

ವೈನಿ ಹುಲ್ಲಿನಲ್ಲಿ ಬಿದ್ದುಕೊಂಡೇ ನಗತೊಡಗಿದರು; ಸುಜಾತಾ ನಿಲ್ಲಲಾರದೆ ಪಕ್ಕದಲ್ಲಿ ಕೂತು ನಕ್ಕಳು. ಆ ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಮತ್ತೆ ಹೆಪ್ಪಿನ ಕೂಗು ಕೇಳಿತು.

ಆಕೆಯನ್ನು ಮರಳಿ ಕರೆತರಲೆಂದೇ ಇದನ್ನು ಹೂಡಿದ್ದಿರಾ ಎಂದು ಆಮೇಲೊಮ್ಮೆ ಕೇಳಿದೆ. "ಗಾಡಿ ಕಲೀಬೇಕಾಗಿತ್ತು, ಅಷ್ಟ" ಎಂದರು. ನಿಜವಿರಬಹುದು. ಪ್ರೀತಿಸುವವರ ಬಾಳಿಗೆ ನಾವು ಅವರಿಗೇ ಗೊತ್ತಿಲ್ಲದ ಜಾಣತನವನ್ನು ಸೇರಿಸಿ ಹೊಲಿಯುತ್ತೇವೆ. ಆದರೆ ನಾನು ಕಂಡದ್ದಿಷ್ಟು: ಬೆಳಿಗ್ಗೆ ಬಿದ್ದೆದ್ದ ಗುರು ಮಧ್ಯಾಹ್ನ ಬೇರೆಯೇ ಆಗಿದ್ದರು. ಸುಜಾತಾ ಒಂದು ಪದದ ಮುಂದೆ ನಿಂತರೆ ಅವರು ತುಟಿ ಅಲುಗಿಸುತ್ತಿರಲಿಲ್ಲ. ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಕೂರುತ್ತಿದ್ದರು, ಕಲ್ಲಿಲ್ಲದ ಅಕ್ಕಿಯಲ್ಲೂ. ನೋಡುವ ಕಣ್ಣುಗಳಿಲ್ಲದ ಕಡೆ ದೊಡ್ಡವರು ಎಷ್ಟೊಂದು ಧೈರ್ಯವಾಗಿ ತಪ್ಪು ಮಾಡುತ್ತಾರೆ! ವಿಷಯ ತಿಳಿದಿರುವುದು, ತಾಳ್ಮೆ, ಪ್ರೀತಿ, ಇವೆಲ್ಲ ಒಳ್ಳೆಯ ಗುರುವಿಗೆ ಬೇಕೆಂದು ನಾವು ಹೇಳುತ್ತ ಬಂದಿದ್ದೇವೆ. ಕಲಿಯುವಾಗ ಮೈ ಹೇಗೆ ನಡುಗುತ್ತದೆಂಬುದು ಮರೆತುಹೋಗಿದ್ದರೆ ಇವು ಯಾವುವೂ ಸಾಲುವುದಿಲ್ಲವೆಂದು ನನಗೆ ಅನ್ನಿಸಿದ್ದು ಆ ಅಕ್ಕಿಯ ಮುಂದೆ.

ಪಾಳಿಯ ದಿನ ಬಂತು. ವೈನಿ ನನ್ನನ್ನೂ ಕರೆದುಕೊಂಡು ಬಸದಿಯ ಕಂಬವೊಂದರ ಹಿಂದೆ ಕೂತರು. "ಎದುರಿಗಿ ಕುಂತ್ರ ನನ್ನ ಮಾರಿ ನೋಡ್ತಾಳ. ಪುಸ್ತಕಾ ನೋಡಲಿ" ಎಂದು ಪಿಸುಗುಟ್ಟಿದರು. ಸುಜಾತಾಳ ದನಿ ಮೊದಲು ಸಣ್ಣಗೆ ಹೊರಟಿತು. ಪದವಾದ ಮೇಲೆ ಪದ, ನಡುವೆ ಒಂದು ಉಸಿರು, ನೀರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವಂತೆ. ಪುಟದ ನಡುವೆ ಎಲ್ಲೋ ದನಿ ನಿಂತಿತು.

ಮುಂದಿನ ಸಾಲಿನ ಒಬ್ಬಾಕೆ ಹೇಳಿಕೊಡಲು ಬಗ್ಗಿದಳು. ವೈನಿಯ ಬೆರಳುಗಳು ನನ್ನ ಮೊಣಕಾಲನ್ನು ಎಷ್ಟು ಬಿಗಿಯಾಗಿ ಹಿಡಿದವೆಂದರೆ, ಈ ನೆನಪೊಂದನ್ನು ನಾನು ಕಟ್ಟಿದ್ದಲ್ಲವೆಂದು ಆ ನೋವೇ ಸಾಕ್ಷಿ. ಅಷ್ಟರಲ್ಲಿ ಯಾವುದೋ ಮೂಲೆಯಿಂದ ವಯಸ್ಸಾದ ಆಯಿಯೊಬ್ಬರು ಗದರಿದರು: "ದೀಪಾ ಹಚ್ಚರಬೇ ಯಾರರೆ, ಹುಡುಗೀಗಿ ಕಾಣವಲ್ದು!" ಯಾರೋ ಎದ್ದರು. ಟ್ಯೂಬ್‌ಲೈಟು ಮಿಣುಕಿ, ಮಿಣುಕಿ, ಹತ್ತಿತು. ಆ ಬಿಡುವಿನಲ್ಲಿ ಸುಜಾತಾ ಪದವನ್ನು ತಾನೇ ಬಿಡಿಸಿಕೊಂಡಿದ್ದಳು. ದನಿ ಮುಂದೆ ನಡೆಯಿತು, ಪುಟದ ಕೊನೆಯವರೆಗೂ.

ಹೊರಗೆ ಚಪ್ಪಲಿಗಳ ಗದ್ದಲದಲ್ಲಿ ಎಳೆಯ ಸೊಸೆಯೊಬ್ಬಳು, "ಎಷ್ಟ ಸಾವಕಾಶ ಓದಿದ್ರೀ ಅಕ್ಕಾರ! ಹೊತ್ತ ಮುಳುಗೂದ್ರಾಗ ಊಟಾ ಮುಗಸಬೇಕ ನಾವು" ಎಂದು ಸುಜಾತಾಳನ್ನು ಚುಚ್ಚಿದಳು.

ಉತ್ತರ ಕೊಟ್ಟದ್ದು ಅತ್ತೆ. ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ತಡವುತ್ತಿದ್ದವರು ಅಲ್ಲೇ ನಿಂತರು.

"ಸಾವಕಾಶ ಓದಿದ್ಲಂತ ನನಗ ತಿಳೀತ ನೋಡವಾ. ಇಷ್ಟ ವರ್ಷ ಈ ಪುಸ್ತಕಾ ನಾನ ಓದೇನಿ, ಗಡಗಡ ರೈಲ ಬಿಟ್ಟಂಗ. ಒಳಗ ಏನ ಬರದಾರ ಅಂಬೂದು ಇವತ್ತ ಗೊತ್ತಾತು."

ಸುಜಾತಾ ಚಪ್ಪಲಿ ಹುಡುಕಲು ಬಗ್ಗಿದಳು. ಚಪ್ಪಲಿಗಳು ಅವಳ ಕಾಲಲ್ಲೇ ಇದ್ದವು. ಆದರೂ ಬಹಳ ಹೊತ್ತು ಬಗ್ಗಿಯೇ ಇದ್ದಳು.