ಹಬ್ಬದ ದಿನ ಕಳಚಿದ ವೈರು

ಸಲ್ಮಾ, ಆ ವೈರನ್ನು ಕಿತ್ತವಳು ನಾನು. ಇಲಿಯಲ್ಲ, ಟೈಪು ಮಾಡುವ ಹುಡುಗಿಯರಲ್ಲ, ನೀನಂತೂ ಅಲ್ಲವೇ ಅಲ್ಲ — ನಾನೇ.

ನಮ್ಮ ಯಜಮಾನರು ಫ್ಯಾಕ್ಟರಿ ಕೆಲಸ ಬಿಟ್ಟು, ಇಂದಿರಾನಗರದ ಮನೆಯ ಕೆಳಗಿನ ಕೋಣೆಗಳಲ್ಲಿ ಆಫೀಸು ತೆರೆದಿದ್ದರಲ್ಲ — ಅಮೆರಿಕದ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪು ಮಾಡಿಸುವ ಆಫೀಸು. ಶಿವಾಜಿನಗರದಿಂದ ಬಂದು ಕಂಪ್ಯೂಟರುಗಳನ್ನೆಲ್ಲ ಜೋಡಿಸಿಕೊಟ್ಟವಳು ನೀನು. ಎಲ್ಲರ ಕೆಲಸವೂ ಹೋಗಿ ಸೇರುವ ಮೂಲೆಯ ದೊಡ್ಡ ಸರ್ವರ್ ಕಂಪ್ಯೂಟರಿಗೆ ಮಾತ್ರ ವೈರು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡು ಎರಡು, ವೈರೂ ಎರಡು. ಯಾಕಮ್ಮ ಎರಡು ಎಂದು ಕೇಳಿದ್ದೆ.

“ಎರಡೂ ಸೇರಿ ಒಂದೇ ಅಂತ ಸಿಸ್ಟಮ್‌ಗೆ ಹೇಳ್ಕೊಟ್ಟಿದೀನಿ ಆಂಟಿ. ಭಾರ ಹಂಚ್ಕೊಳ್ತವೆ. ಒಂದು ಕೈ ಕೊಟ್ರೂ ಇನ್ನೊಂದು ಎಳ್ಕೊಂಡು ಹೋಗತ್ತೆ, ಯಾರಿಗೂ ಗೊತ್ತೇ ಆಗಲ್ಲ.”

ಹೌದು, ಯಾರಿಗೂ ಗೊತ್ತಾಗಲಿಲ್ಲ.

ಸರ್ವರಿನ ಹಿಂದೆ ಯಾರೂ ಕೈ ಹಾಕಕೂಡದು ಎಂದು ಯಜಮಾನರು ಹೇಳಿದ್ದರು. ಆದರೆ ಆಯುಧಪೂಜೆ — ಧೂಳು ಹಿಡಿದ ಯಂತ್ರಕ್ಕೆ ಕುಂಕುಮ ಇಡಲು ಮನಸ್ಸು ಒಪ್ಪಲಿಲ್ಲ. ಒರೆಸೋಣವೆಂದು ತಿರುಗಿಸಿದೆ. ಒಂದು ವೈರು ಕಿತ್ತುಬಂತು. ಅದರ ತುದಿಯ ಪ್ಲಾಸ್ಟಿಕ್ಕಿನ ನಾಲಗೆ ಮುರಿದಿತ್ತು. ಕುಂಕುಮದ ಕೈಯಲ್ಲೇ ತುರುಕಿದೆ, ನಿಲ್ಲಲಿಲ್ಲ. ಗಾಬರಿಯಿಂದ ಆಚೆ ನೋಡಿದರೆ, ಹಬ್ಬದ ದಿನವೂ ಬಂದಿದ್ದ ಹುಡುಗಿಯರು ಟೈಪು ಮಾಡುತ್ತಲೇ ಇದ್ದಾರೆ. ಏನೂ ನಿಂತಿಲ್ಲ! ವೈರನ್ನು ಹಿಂದಕ್ಕೆ ಬಿಟ್ಟು, ಮೇಲೆ ಸೇವಂತಿಗೆ ಹಾರ ಹಾಕಿದೆ.

ಕೋಸಂಬರಿ ತಿನ್ನಲು ಬಂದ ನೀನು ನಕ್ಕೆ. “ಹೂ ಯಾಕೆ ಆಂಟಿ, ಪಾಪ ಅದಕ್ಕೆ ಸೆಕೆ, ಒಂದು ಫ್ಯಾನ್ ಹಾಕ್ಸಿ!”

ನಾನೂ ನಕ್ಕೆ. ಆಗಲೇ ಹೇಳಬಹುದಿತ್ತು —

ಮಲಗುವ ಮುಂಚೆ ದೇವರೆದುರು ಆ ದಿನದ ಕೃಪೆಗಳನ್ನು ನೆನೆಯುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಮಂಡಿನೋವು ಕಾಡಲಿಲ್ಲ. ಅಂದು ಇದನ್ನೂ ಸೇರಿಸಿದೆ: ಕಂಪ್ಯೂಟರು ನಿಲ್ಲಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ವೈರು ಉಳಿದಿದ್ದ ಒಂದು ಕಾರ್ಡೂ ಸುಟ್ಟುಹೋಯಿತು. ಕಳಿಸಬೇಕಾದ ಕೆಲಸವೆಲ್ಲ ಸರ್ವರಿನೊಳಗೇ ಸಿಕ್ಕಿಕೊಂಡಿತು. ನೀನು ಓಡಿ ಬರುವಷ್ಟರಲ್ಲಿ ಹೊತ್ತು ಮೀರಿ, ಕೆಲಸ ಕೊಟ್ಟಿದ್ದವರು ಒಪ್ಪಂದ ಮುರಿದಿದ್ದರು. ವೈರು ಕಳಚಿದ್ದ ಇನ್ನೊಂದು ಕಾರ್ಡಿಗೆ ನೀನು ಹೊಸ ವೈರು ಸಿಕ್ಕಿಸಿದ ಕೂಡಲೇ ಎಲ್ಲ ನಡೆಯತೊಡಗಿತು — ಅದೇ ನಿನಗೆ ಮುಳುವಾಯಿತು.

“ನೋಡು! ಎರಡು ವೈರು ಅಂತ ಹೇಳಿ ಒಂದೇ ಹಾಕಿದ್ದೆ. ಮೋಸ ಅಲ್ವೇನಮ್ಮ ಇದು?” ಯಜಮಾನರ ದನಿ ಬೀದಿಗೆ ಕೇಳುತ್ತಿತ್ತು.

“ಅಲ್ಲಾನ ಆಣೆ ಸರ್, ಎರಡೂ ಹಾಕಿದ್ದೆ.” ನೀನು ಬಗ್ಗಿ ಹಳೆಯ ವೈರನ್ನು ಎಳೆದುಕೊಂಡೆ. ಅದರ ತುದಿಯಲ್ಲಿ ಒಣಗಿದ ಕುಂಕುಮ. ಕಾಫಿ ಹಿಡಿದು ಬಾಗಿಲಲ್ಲಿದ್ದ ನನ್ನ ಮುಖ ನೋಡಿದೆ. ಮೆಲ್ಲಗೆ ಕೇಳಿದೆ — “ಆಂಟಿ, ಪೂಜೆ ದಿನ ಕ್ಲೀನ್ ಮಾಡುವಾಗ ಏನಾದ್ರೂ...?”

“ನಾನು ಆ ಮೂಲೆಗೆ ಹೋಗೇ ಇಲ್ಲಮ್ಮ.”

ಇಷ್ಟೇ ಅಂದದ್ದು. ನೀನು ವೈರಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಅವರಿಗೆ ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ, ಸಲ್ಮಾ? ನಾನು ಬೈಸಿಕೊಳ್ಳುತ್ತೇನೆಂದೋ — ತೋರಿಸಿದರೂ ನಿನ್ನನ್ನು ಯಾರು ನಂಬುತ್ತಾರೆಂದೋ... ಆ ರಾತ್ರಿ ನಿನ್ನ ಮೌನವನ್ನೂ ಕೃಪೆಯೆಂದು ನೆನೆದು ಕೈಮುಗಿದೆ.

ನಂಬಿಕೆಯ ಹುಡುಗಿಯಲ್ಲ ಎಂದು ಯಜಮಾನರು ಪರಿಚಯದ ಆಫೀಸುಗಳಿಗೆಲ್ಲ ಫೋನು ಮಾಡಿದರು. ನಾನು ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದೆ. ಬಾಣಸವಾಡಿಯಲ್ಲಿ ನಿನಗೆ ಆಗಬೇಕಿದ್ದ ಕೆಲಸ ತಪ್ಪಿತೆಂದು ಆಮೇಲೆ ಗೊತ್ತಾಯಿತು. ಆಗಲೂ ಬಾಯಿ ಬಿಡಲಿಲ್ಲ.

ಇಷ್ಟು ವರ್ಷಗಳ ಮೇಲೆ, ಇವತ್ತು ಬೆಳಿಗ್ಗೆ ಅವರಿಗೆ ಎಲ್ಲವನ್ನೂ ಹೇಳಿದೆ.

“ಆ ಹುಡುಗೀನ ಬೀದಿಗೆ ಕೇಳೋ ಹಾಗೆ ಮೋಸಗಾರ್ತಿ ಅಂದ್ಬಿಟ್ನಲ್ಲೇ,” ಎಂದರು.

ಅನ್ನಿಸಿದವಳು ನಾನು.

ಬಾಣಸವಾಡಿಯ ಆ ಆಫೀಸು ಇನ್ನೂ ಇದೆ. ನಾಳೆ ಅಲ್ಲಿಗೆ ಹೋಗಿ, ಇದನ್ನೇ ಹೇಳುತ್ತೇನೆ. ಅದರಿಂದ ನಿನಗೆ ಈಗ ಏನೂ ಸಿಗುವುದಿಲ್ಲ, ಬಲ್ಲೆ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಅಮ್ಮನೆದುರು ಹೇಳಬೇಕು. ಒಳಗೆ ಕರೆಯಬೇಡ, ಸಲ್ಮಾ — ಬಾಗಿಲಲ್ಲೇ ನಿಂತು ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳಿಸಲಿ.